ಆ ಪಟ್ಟಿಯಲ್ಲಿ ನಮ್ಮ ಮುತ್ತಮ್ಮ

ಫೆಬ್ರವರಿಯಲ್ಲಿ ಮ್ಯೂನಿಕ್‌ನ ಬೈರಿಶರ್ ಹೋಫ್ ಹೋಟೆಲ್ ಸುತ್ತ ಎಲ್ಲಿ ನೋಡಿದರೂ ಪೊಲೀಸರು. ಒಳಗೆ 1963ರಲ್ಲಿ ಶುರುವಾದ ಭದ್ರತಾ ಸಮ್ಮೇಳನ. ಹೊರಗೆ, ಎದುರಿನ ಪ್ರತಿಮೆಯ ಬುಡದಲ್ಲಿ, ಮೈಕೆಲ್ ಜಾಕ್ಸನ್ ಅಭಿಮಾನಿಗಳು ಇಟ್ಟ ಫೋಟೊ, ಮೇಣದಬತ್ತಿ. ಜಗತ್ತಿನ ಯುದ್ಧ ಶಾಂತಿಯ ಮಾತೆಲ್ಲ ಅದರ ಎದುರಿಗೇ!

ಆ ದಿನಗಳಲ್ಲಿ ಇಲ್ಲಿ ನಮ್ಮ ಪಕ್ಕದ ಮನೆಯ ನಿವೃತ್ತ ಮೇಷ್ಟ್ರಿಗೆ ಎಗೊನ್ ಬಾರ್ ನೆನಪಾಗುತ್ತಾರೆ. ಪಶ್ಚಿಮ ಜರ್ಮನಿಯ ರಾಜಕಾರಣಿ, ಸೋವಿಯತ್ ಒಕ್ಕೂಟದ ಜೊತೆಗಿನ 1970ರ ಮಾಸ್ಕೋ ಒಪ್ಪಂದಕ್ಕೆ ಮಾತುಕತೆ ನಡೆಸಿದವರು. ಮೇಷ್ಟ್ರು ಹೊಗಳುವುದಿಲ್ಲ, ಬೈಯುತ್ತಾರೆ. "ರಷ್ಯಾದವರಿಗೆ ಜಾಸ್ತಿ ಸಲಿಗೆ ಕೊಟ್ಟರು" ಅಂತ. ಒಮ್ಮೆ ಸ್ವೀಡನ್ನಿನ ನಾಯಕ ಓಲೋಫ್ ಪಾಲ್ಮೆ ಮುಂದಾಳತ್ವದ ಅಂತರರಾಷ್ಟ್ರೀಯ ಆಯೋಗದ ಮಾತು ಬಂತು. ಅಣ್ವಸ್ತ್ರದ ಕಾಲದಲ್ಲಿ ಎದುರಾಳಿಯನ್ನು ಹೆದರಿಸಿ ಯಾರೂ ಸುರಕ್ಷಿತರಾಗಲಾರರು, ಅವನ ಜೊತೆಗೂಡಿಯೇ ಆಗಬೇಕು ಎಂದು 1982ರಲ್ಲಿ ವರದಿ ಕೊಟ್ಟ ಆಯೋಗ. ಸುಮ್ನೆ ಸದಸ್ಯರ ಪಟ್ಟಿ ನೋಡಿದೆ. ಬಾರ್ ಇದ್ದರು. ಅಮೆರಿಕದ ಮಾಜಿ ವಿದೇಶಾಂಗ ಸಚಿವ ಸೈರಸ್ ವಾನ್ಸ್ ಇದ್ದರು. ಭಾರತದಿಂದ ಸಿ.ಬಿ. ಮುತ್ತಮ್ಮ!

ನಾನು ಹುಣಸೂರಿನವನು. ಮುತ್ತಮ್ಮನವರ ವಿರಾಜಪೇಟೆಯ ಬಸ್ಸು ನಮ್ಮೂರ ಮೇಲೇ ಹೋಗುವುದು. ಆದರೂ ನನಗೆ ಗೊತ್ತಿದ್ದದ್ದು ಕ್ವಿಜ್ ಉತ್ತರವೊಂದೇ: ವಿದೇಶಾಂಗ ಸೇವೆಗೆ ಸೇರಿದ ಮೊದಲ ಮಹಿಳೆ, 1949. ಸ್ವಲ್ಪ ಜಾಸ್ತಿ ಓದಿದವರು ಕೋರ್ಟ್ ಕೇಸನ್ನೂ ಹೇಳುತ್ತಾರೆ. ಹೆಣ್ಣು ಅಧಿಕಾರಿ ಮದುವೆಯಾಗಲು ಸರ್ಕಾರದ ಅನುಮತಿ ಕೇಳಬೇಕಿದ್ದ ಕಾಲ. ಹೆಣ್ಣೆಂಬ ಕಾರಣಕ್ಕೇ ಬಡ್ತಿ ತಪ್ಪಿತು ಅಂತ ಮುತ್ತಮ್ಮ ಸುಪ್ರೀಂ ಕೋರ್ಟಿಗೆ ಹೋದರು. ಕೇಸು ವಿಚಾರಣೆಗೆ ಬರುವ ಹೊತ್ತಿಗೆ ಸರ್ಕಾರ ಬಡ್ತಿ ಕೊಟ್ಟಾಗಿತ್ತು. ಆದರೂ 1979ರಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಆ ನಿಯಮಗಳನ್ನು ಚೆನ್ನಾಗಿಯೇ ತರಾಟೆಗೆ ತೆಗೆದುಕೊಂಡರು.

ದೊಡ್ಡ ಗೆಲುವೇ, ಇಲ್ಲವೆನ್ನಲಾರೆ. ಆದರೆ ಅವರು ಮಾಡಿದ ಕೆಲಸ ಎಲ್ಲಿ ಹೋಯಿತು? ಹಂಗೇರಿಯಲ್ಲಿ ರಾಯಭಾರಿಯಾಗಿ ಏನು ಕಂಡರು, ಅಣ್ವಸ್ತ್ರದ ಬಗ್ಗೆ ಏನು ಯೋಚಿಸಿದರು? 'ಮೊದಲ ಮಹಿಳೆ' ಅಂದು ಹಾರ ಹಾಕಿದರೆ ನಮ್ಮ ಕೆಲಸ ಮುಗಿಯಿತು. ಇಲ್ಲಿನವರು ಬಾರ್ ಜೊತೆ ಇನ್ನೂ ಜಗಳ ಆಡುತ್ತಾರೆ. ಬೈಯುವುದಕ್ಕಾದರೂ ಆ ಮನುಷ್ಯ ಏನು ಮಾಡಿದರು ಅಂತ ಗೊತ್ತಿರಬೇಕು, ಅಲ್ವಾ? (ಮೇಷ್ಟ್ರಿಗೂ ಮುತ್ತಮ್ಮ ಯಾರೆಂದು ಗೊತ್ತಿರಲಿಲ್ಲ, ಆ ಮಾತು ಬೇರೆ.)

ಮೈಸೂರಲ್ಲಿ ಐಎಎಸ್‌ಗೆ ಓದುತ್ತಿರುವ ಅಕ್ಕನ ಮಗಳಿಗೆ ಫೋನಿನಲ್ಲಿ ಇದನ್ನೆಲ್ಲ ಹೇಳಿದೆ. ಪೂರ್ತಿ ಕೇಳಿಸಿಕೊಂಡಳು.

"ಮಾಮ, ಇದು ಎಕ್ಸಾಮಿಗೆ ಬರುತ್ತಾ?"