ಗೋಲ್ ಎಷ್ಟು ಅಂತ ಕೇಳಬೇಡಿ ಅಮ್ಮ

ಅಮೆರಿಕದ ನಮ್ಮ ಮನೆಗೆ ಭಾನುವಾರ ಸಂಜೆ ಅಮ್ಮನ ವಿಡಿಯೊ ಕಾಲ್ ಬರುತ್ತದೆ. ಕೊಡಗಿನ ಗೋಣಿಕೊಪ್ಪದಲ್ಲಿ ಆಗ ಸೋಮವಾರ ಬೆಳಿಗ್ಗೆ. ಮೊಮ್ಮಗಳ ಐಸ್ ಹಾಕಿ ಪಂದ್ಯ ಮುಗಿದಿರುತ್ತದೆ ಅಂತ ಅವರಿಗೆ ಗೊತ್ತು. ಮೊದಲು ಕೇಳುವುದು ಒಂದೇ: "ಎಷ್ಟು ಗೋಲ್ ಹೊಡೆದೆ ಪುಟ್ಟಿ?" ಮಗಳ ಮುಖ ಸಣ್ಣದಾಗುತ್ತದೆ. ಅವಳು ಡಿಫೆನ್ಸ್ ಆಡುವವಳು, ಅಂದರೆ ಎದುರಾಳಿಯನ್ನು ತಡೆಯುವವಳು. ಇಡೀ ಸೀಸನ್‌ನಲ್ಲಿ ಅವಳದು ಎರಡೇ ಗೋಲು.

ಈ ಪ್ರಶ್ನೆ ನನಗೂ ಹೊಸದಲ್ಲ. ಶಾಲೆಯಲ್ಲಿ ನಾನು ಫುಲ್ ಬ್ಯಾಕ್, ನನ್ನದೂ ತಡೆಯುವ ಕೆಲಸವೇ. ಗೆದ್ದು ಬಂದ ದಿನ ಎಲ್ಲರೂ ಬೆನ್ನು ತಟ್ಟುತ್ತಿದ್ದದ್ದು ಗೋಲ್ ಹೊಡೆದ ಹುಡುಗನ ಬೆನ್ನನ್ನೇ. ಆಟ ಇರುವುದೇ ಹಾಗೆ ಅಂದುಕೊಂಡಿದ್ದೆ.

ಆ ನಂಬಿಕೆ ಅಲುಗಾಡಿದ್ದು ಡೆಟ್ರಾಯಿಟ್ ಪಕ್ಕದ ನೋವೈಗೆ ಬಂದ ಮೇಲೆ. 2002ರ ವಸಂತ. ಆಫೀಸಿನ ಹಿರಿಯರೊಬ್ಬರು ಡೆಟ್ರಾಯಿಟ್‌ನ ಐಸ್ ಹಾಕಿ ತಂಡ ರೆಡ್ ವಿಂಗ್ಸ್‌ನ ಪಂದ್ಯ ನೋಡಲು ಮನೆಗೆ ಕರೆದಿದ್ದರು. ನಾನು ಪಕ್ ಹಿಂದೆ, ಅಂದರೆ ಚೆಂಡಿನ ಬದಲು ಬಳಸುವ ರಬ್ಬರ್ ಬಿಲ್ಲೆಯ ಹಿಂದೆ, ಕಣ್ಣು ಓಡಿಸಿ ಸುಸ್ತಾಗಿದ್ದೆ. ಅವರು ಹೇಳಿದರು: "ಪಕ್ ಬಿಡು. ಐದನೇ ನಂಬರ್ ನೋಡು." ಐದನೇ ನಂಬರ್ ಅಂದರೆ ರೆಡ್ ವಿಂಗ್ಸ್‌ನ ಡಿಫೆಂಡರ್ ನಿಕ್ಲಾಸ್ ಲಿಡ್‌ಸ್ಟ್ರೋಮ್.

ನೋಡಿದೆ. ಎದುರಾಳಿ ಪಕ್ ಹಿಡಿದು ಜೋರಾಗಿ ಬರುತ್ತಿದ್ದಾನೆ. ಲಿಡ್‌ಸ್ಟ್ರೋಮ್ ಅವನ ಕಡೆಗೇ ಮುಖ ಮಾಡಿ ಹಿಂದೆ ಹಿಂದೆ ಜಾರುತ್ತಿದ್ದಾರೆ. ಅವಸರವೇ ಇಲ್ಲ. ಸ್ಟಿಕ್‌ನ ತುದಿ ಮಂಜುಗಡ್ಡೆಯ ಮೇಲೆ ಚಪ್ಪಟೆಯಾಗಿ ಇದೆ. ಮಧ್ಯದ ದಾರಿ ಮುಚ್ಚಿದೆ, ಎದುರಾಳಿ ಗೋಡೆಯ ಕಡೆಗೆ ಸರಿಯಲೇಬೇಕು. ಸರಿದ. ಸ್ಟಿಕ್ ಒಂದು ಗೇಣು ಮುಂದೆ ಹೋಯಿತು, ಅಷ್ಟೇ. ಪಕ್ ಇವರ ಹತ್ತಿರ ಇತ್ತು. ಡಿಕ್ಕಿ ಇಲ್ಲ, ಕೂಗಾಟ ಇಲ್ಲ. ಆದರೂ ಆ ಮನೆಯಲ್ಲಿ ಇದ್ದವರೆಲ್ಲ "ಆಹಾ" ಅಂದರು. ಗೋಲಿಗೆ ಅಲ್ಲ, ಒಂದು ಗೋಲ್ ಆಗದೆ ಇದ್ದದ್ದಕ್ಕೆ! ನನಗೆ ಅದು ಹೊಸ ಲೋಕ.

ಇವರ ವೃತ್ತಿಜೀವನವೇ ಹಾಗಿದೆ. ಸ್ವೀಡನ್‌ನ ಈ ಹುಡುಗನನ್ನು ಡೆಟ್ರಾಯಿಟ್ 1989ರಲ್ಲಿ ಹೊಸ ಆಟಗಾರರ ಆಯ್ಕೆಯ ಮೂರನೇ ಸುತ್ತಿನಲ್ಲಿ, 53ನೆಯವನಾಗಿ ಆರಿಸಿತು. 1991ರಿಂದ 2012ರವರೆಗೆ 20 ಸೀಸನ್, 1,564 ಪಂದ್ಯ, ಒಂದೇ ತಂಡ. ನಾಲ್ಕು ಸ್ಟಾನ್ಲಿ ಕಪ್, ಅಂದರೆ ನಾಲ್ಕು ಸಲ ಇಲ್ಲಿನ ದೊಡ್ಡ ಲೀಗ್‌ನ ಚಾಂಪಿಯನ್ ಪಟ್ಟ. ಇಷ್ಟೆಲ್ಲ ಆಡಿಯೂ ತಪ್ಪು ಆಟಕ್ಕೆ ದಂಡವಾಗಿ ಹೊರಗೆ ಕೂತದ್ದು ಒಟ್ಟು 514 ನಿಮಿಷ. ಲೆಕ್ಕ ಹಾಕಿ, ಪಂದ್ಯಕ್ಕೆ 20 ಸೆಕೆಂಡ್ ಬೀಳುತ್ತದೆ. ದಿನಾ ಎದುರಾಳಿಯ ಅತ್ಯುತ್ತಮ ಆಟಗಾರರನ್ನು ತಡೆಯುವ ಕೆಲಸ ಮಾಡುವವರಿಗೆ ಇದು ಸಾಮಾನ್ಯ ಮಾತಲ್ಲ.

1997ರ ಸ್ಟಾನ್ಲಿ ಕಪ್ ಫೈನಲ್ ನನಗೆ ತುಂಬಾ ಇಷ್ಟದ ಕತೆ. ಎದುರಾಳಿ ಫಿಲಡೆಲ್ಫಿಯಾ ತಂಡದಲ್ಲಿ ಎರಿಕ್ ಲಿಂಡ್ರೋಸ್ ಎಂಬ ದೈತ್ಯ ಇದ್ದರು. ಅವರಿಗೆ ಎದುರಾಗಿ ಡೆಟ್ರಾಯಿಟ್‌ನ, ಜೋರಾಗಿ ಗುದ್ದುವ ವ್ಲಾಡಿಮಿರ್ ಕಾನ್‌ಸ್ಟಾಂಟಿನೋವ್ ನಿಲ್ಲುತ್ತಾರೆ ಅಂತ ಎಲ್ಲರ ಎಣಿಕೆ. ಕೋಚ್ ಸ್ಕಾಟಿ ಬೋಮನ್ ಕಳಿಸಿದ್ದು ಲಿಡ್‌ಸ್ಟ್ರೋಮ್ ಮತ್ತು ಲ್ಯಾರಿ ಮರ್ಫಿ ಜೋಡಿಯನ್ನು. ಗುದ್ದಲಿಲ್ಲ, ಸ್ಟಿಕ್‌ನಿಂದಲೇ ಪಕ್ ಕಿತ್ತುಕೊಂಡರು. ನಾಲ್ಕಕ್ಕೆ ನಾಲ್ಕೂ ಪಂದ್ಯ ಗೆದ್ದರು. ಲಿಂಡ್ರೋಸ್‌ಗೆ ಸಿಕ್ಕಿದ್ದು ಒಂದೇ ಗೋಲು, ಅದೂ ಕೊನೆಯ ಪಂದ್ಯ ಮುಗಿಯುವ ಹೊತ್ತಿಗೆ. ಡೆಟ್ರಾಯಿಟ್‌ಗೆ 42 ವರ್ಷಗಳ ಮೇಲೆ ಕಪ್ ಬಂತು.

ಇಲ್ಲಿನ ಒಂದು ಪದ್ಧತಿ ನನಗೆ ಬಹಳ ಹಿಡಿಸಿದೆ. ಗೋಲ್ ಹೊಡೆದವನ ಹೆಸರಿನ ಜೊತೆ ಪಕ್ ಒದಗಿಸಿಕೊಟ್ಟ ಒಬ್ಬರ ಅಥವಾ ಇಬ್ಬರ ಹೆಸರನ್ನೂ ಬರೆದಿಡುತ್ತಾರೆ. ಅಂಕ ಎಲ್ಲರಿಗೂ ಸಮ. ಲಿಡ್‌ಸ್ಟ್ರೋಮ್ ಹೊಡೆದದ್ದು 264 ಗೋಲು, ಒದಗಿಸಿದ್ದು 878. ನೀನು ಅಂಗಳದಲ್ಲಿ ಇದ್ದಾಗ ನಿಮ್ಮ ತಂಡ ಎಷ್ಟು ಹೊಡೆಯಿತು, ಎಷ್ಟು ಬಿಟ್ಟುಕೊಟ್ಟಿತು ಎಂಬ ಲೆಕ್ಕವೂ ಇದೆ. ಡಿಫೆಂಡರ್‌ಗೆ ಅಂತಲೇ ನಾರಿಸ್ ಟ್ರೋಫಿ ಇದೆ. ಅದನ್ನು ಅವರು ಏಳು ಸಲ ಗೆದ್ದರು, ಮೊದಲನೆಯದು ಸಿಕ್ಕಿದಾಗ ವಯಸ್ಸು 31. ಅದಕ್ಕೆ ಮುಂಚೆ ಮೂರು ವರ್ಷ ಸತತವಾಗಿ ಎರಡನೇ ಸ್ಥಾನ. ತಡೆಯುವವನನ್ನು ಗುರುತಿಸಲು ಇಲ್ಲಿಯೂ ಸಮಯ ಹಿಡಿಯುತ್ತದೆ, ಆದರೆ ಗುರುತಿಸುತ್ತಾರೆ.

ನಮ್ಮಲ್ಲಿ? ಕೊಡಗಿನ ಹಾತೂರಿನ ವಿ.ಆರ್. ರಘುನಾಥ್ ದೇಶಕ್ಕೆ ಎರಡು ಒಲಿಂಪಿಕ್ಸ್ ಆಡಿದ ಹಾಕಿ ಡಿಫೆಂಡರ್. ಅವರ ಹೆಸರು ಹೇಳಿದರೆ ಜನಕ್ಕೆ ನೆನಪಾಗುವುದು ಪೆನಾಲ್ಟಿ ಕಾರ್ನರ್‌ನಲ್ಲಿ ಗೋಲ್ ಹೊಡೆಯುವ ಡ್ರ್ಯಾಗ್ ಫ್ಲಿಕ್. ತಡೆದದ್ದನ್ನು ಯಾರೂ ಎತ್ತುವುದಿಲ್ಲ. ದ್ರಾವಿಡ್ ವಿಷಯದಲ್ಲಿ ಮಾತ್ರ ನಾವು "ಗೋಡೆ" ಅಂತ ಪ್ರೀತಿಯಿಂದ ಕರೆದೆವು, ನಿಜ. ಅವರೂ ಲಿಡ್‌ಸ್ಟ್ರೋಮ್ ಅವರೂ ಅದೇ 2012ರಲ್ಲಿ ನಿವೃತ್ತರಾದರು. ಆ ವರ್ಷ ನನಗೆ ಎರಡು ಸಲ ಗಂಟಲು ಕಟ್ಟಿತ್ತು.

ಹಾಗಂತ ಇಲ್ಲಿಯದೆಲ್ಲ ಮೇಲು ಅನ್ನಲಾರೆ. ಇಲ್ಲಿ ಮಗುವಿಗೆ ಐಸ್ ಹಾಕಿ ಆಡಿಸಬೇಕಾದರೆ ಕೈಯಲ್ಲಿ ಕಾಸು ಬೇಕು. ಸ್ಕೇಟ್, ಪ್ಯಾಡ್, ಹೆಲ್ಮೆಟ್, ರಿಂಕ್ ಬಾಡಿಗೆ, ಬೇರೆ ಊರಿನ ಪಂದ್ಯಕ್ಕೆ ಹೋಟೆಲ್ ಖರ್ಚು. ದುಡ್ಡಿಲ್ಲದ ಮನೆಯ ಮಗು ಹೊರಗೇ ಉಳಿಯುತ್ತದೆ. 1997ರಲ್ಲೇ ನಮ್ಮ ಕರಡ ಗ್ರಾಮದಲ್ಲಿ ಪಾಂಡಂಡ ಕುಟ್ಟಪ್ಪನವರು ಕೊಡವ ಕುಟುಂಬಗಳ ಹಾಕಿ ಹಬ್ಬ ಶುರು ಮಾಡಿದರು. ಅಲ್ಲಿ ಅಜ್ಜ, ಸೊಸೆ, ಮೊಮ್ಮಗ ಒಂದೇ ತಂಡದಲ್ಲಿ ಆಡುವುದನ್ನು ಕಣ್ಣಾರೆ ಕಂಡಿದ್ದೇನೆ. ಈಗ 300ಕ್ಕೂ ಜಾಸ್ತಿ ಕುಟುಂಬಗಳು ಬರುತ್ತವೆ. ಇಲ್ಲಿಯ ಗೆಳೆಯರಿಗೆ ಇದನ್ನು ಹೇಳಿದರೆ ಬಾಯಿ ಬಿಟ್ಟುಕೊಂಡು ಕೇಳುತ್ತಾರೆ. ಇವರ ಲೆಕ್ಕ ಇಡುವ ರೀತಿ, ನಮ್ಮ ಆ ಬಯಲು, ಎರಡೂ ಒಂದೇ ಕಡೆ ಇದ್ದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು ಅಲ್ವಾ?

ಹೋದ ಭಾನುವಾರ ಅಮ್ಮನಿಗೆ ಮೊದಲೇ ಹೇಳಿಟ್ಟೆ, ಗೋಲ್ ಬಗ್ಗೆ ಕೇಳಬೇಡಿ ಅಂತ. ಅಮ್ಮ ಸ್ವಲ್ಪ ಯೋಚಿಸಿದರು. ಮಗಳು ಬಂದ ಕೂಡಲೇ ಕೇಳಿದರು: "ಇವತ್ತು ಎಷ್ಟು ಜನರನ್ನು ವಾಪಸ್ ಕಳಿಸಿದೆ ಪುಟ್ಟಿ?" ಅವಳು ಸ್ಟಿಕ್ ತಂದು ಹಾಲ್‌ನಲ್ಲಿ ಹಿಂದೆ ಹಿಂದೆ ನಡೆಯುತ್ತಾ ತೋರಿಸತೊಡಗಿದಳು. ಫೋನ್ ಹಿಡಿದುಕೊಂಡು ನಾನು ಅವಳ ಹಿಂದೆಯೇ ಓಡಾಡಿದೆ, ಅಜ್ಜಿಗೆ ಸರಿಯಾಗಿ ಕಾಣಲಿ ಅಂತ.