ಹೋಮ್ಸ್ ಇರಲಿ ಬಿಡಿ, ವಾಟ್ಸನ್‌ನ ನೋಡಿ

ಷರ್ಲಾಕ್ ಹೋಮ್ಸ್ ಪಾತ್ರ ಯಾರು ಚೆನ್ನಾಗಿ ಮಾಡಿದ್ದಾರೆ ಅನ್ನೋ ಜಗಳ ಎದ್ದಾಗಲೆಲ್ಲ ನನ್ನ ಓಟು ಜೆರೆಮಿ ಬ್ರೆಟ್‌ಗೇ. ಅದೇನೂ ಹೊಸ ಮಾತಲ್ಲ. ಆದರೆ ಬ್ರೆಟ್‌ನ ಹೋಮ್ಸ್ ಮಾಡಿಸಿ ಬ್ರಿಟನ್ನಿನ ಗ್ರನಾಡಾ ಟೆಲಿವಿಷನ್ 1984ರಿಂದ 1994ರವರೆಗೆ ಮಾಡಿದ ಸರಣಿಯನ್ನು ನಾನು ಮತ್ತೆ ಮತ್ತೆ ನೋಡೋದು ಹೋಮ್ಸ್‌ನ ಗೆಳೆಯ ಡಾಕ್ಟರ್ ವಾಟ್ಸನ್‌ಗೋಸ್ಕರ.

ಹಳೇ ಹಾಲಿವುಡ್ ಸಿನಿಮಾಗಳಲ್ಲಿ ನೈಜೆಲ್ ಬ್ರೂಸ್ ಮಾಡಿದ ವಾಟ್ಸನ್ ಶುದ್ಧ ಪೆದ್ದ. ಹೋಮ್ಸ್ ಜಾಣ ಅಂತ ತೋರಿಸೋಕೆ ಪಕ್ಕದಲ್ಲೊಬ್ಬ ದಡ್ಡನನ್ನ ನಿಲ್ಲಿಸೋದು ಸೋಮಾರಿಗಳ ಕೆಲಸ ಕಣ್ರೀ. ಅಫ್ಘನ್ ಯುದ್ಧದಲ್ಲಿ ಗುಂಡೇಟು ತಿಂದು ಬಂದ ಸೇನಾ ವೈದ್ಯನಿಗೆ ಅಷ್ಟೂ ಬುದ್ಧಿ ಇರಲ್ವಾ? ಗ್ರನಾಡಾದವರು ಕಾನನ್ ಡಾಯ್ಲ್ ಬರೆದದ್ದನ್ನ ಸರಿಯಾಗಿ ಓದಿಕೊಂಡಿದ್ರು. ಅವರ ವಾಟ್ಸನ್ ಆಗಿದ್ದು ಮೊದಲು ಡೇವಿಡ್ ಬರ್ಕ್, 1986ರಿಂದ ಎಡ್ವರ್ಡ್ ಹಾರ್ಡ್‌ವಿಕ್. ಬರ್ಕ್ ಮುಖದಲ್ಲಿ ಸದಾ ಒಂದು ಉತ್ಸಾಹ. ಹಾರ್ಡ್‌ವಿಕ್‌ದು ತಾಳ್ಮೆ, ಗೆಳೆಯನ ಅತಿರೇಕವನ್ನೆಲ್ಲ ಕಂಡೂ ಬಿಟ್ಟುಹೋಗದವನ ತಾಳ್ಮೆ. ನನಗೆ ಹಾರ್ಡ್‌ವಿಕ್ಕೇ ಒಂದು ತೂಕ ಹೆಚ್ಚು.

ಅನುಮಾನ ಇದ್ರೆ 1988ರ ‘ದಿ ಡೆವಿಲ್ಸ್ ಫುಟ್’ ಕಂತು ನೋಡಿ. ಆರೋಗ್ಯ ಕೆಟ್ಟು ವಿಶ್ರಾಂತಿಗೆ ಅಂತ ಕಾರ್ನ್‌ವಾಲ್‌ಗೆ ಬಂದ ಹೋಮ್ಸ್, ಕೊಕೇನ್ ಚುಚ್ಚಿಕೊಳ್ಳೋ ಸಿರಿಂಜನ್ನ ಸಮುದ್ರದಂಡೆ ಮರಳಲ್ಲಿ ಹೂತುಬಿಡ್ತಾನೆ. ಇದು ಮೂಲ ಕಥೆಯಲ್ಲಿ ಇಲ್ಲ. ಮಕ್ಕಳು ನೋಡ್ತಿದ್ದಾರೆ ಅನ್ನೋ ಕಾಳಜಿಯಿಂದ ಡಾಯ್ಲ್ ಮಗಳ ಒಪ್ಪಿಗೆ ಪಡೆದೇ ಸೇರಿಸಿದ್ದು. ಆಮೇಲೆ ವಿಷದ ಪುಡಿಯನ್ನ ದೀಪಕ್ಕೆ ಹಾಕಿ, ಅದರ ಹೊಗೆ ಏನು ಮಾಡುತ್ತೆ ಅಂತ ತನ್ನ ಮೇಲೇ ಪರೀಕ್ಷೆ! ಕಣ್ಣಿಗೆ ಏನೇನೋ ಕಾಣೋಕೆ ಶುರುವಾಗಿ ಒದ್ದಾಡ್ತಿರೋ ಅವನನ್ನ ವಾಟ್ಸನ್ ಹೊರಗೆ ಎಳ್ಕೊಂಡು ಬರ್ತಾನೆ. ಆಗ ಹೋಮ್ಸ್ ಬಾಯಿಂದ ಬರೋ ಕೂಗು, “ಜಾನ್!” ಅದು ವಾಟ್ಸನ್‌ನ ಮೊದಲ ಹೆಸರು. ಯಾವತ್ತೂ ‘ವಾಟ್ಸನ್’ ಬಿಟ್ಟು ಬೇರೆ ಹೆಸರು ಕರೆಯದ ಮನುಷ್ಯ. ಅವರಿಬ್ಬರ ಸ್ನೇಹ ಎಂಥದ್ದು ಅಂತ ಇಡೀ ಸರಣಿಯಲ್ಲಿ ಇದಕ್ಕಿಂತ ಚೆನ್ನಾಗಿ ಎಲ್ಲೂ ಹೇಳಿಲ್ಲ.

ಎಲ್ಲಾ ಕಂತೂ ಚಿನ್ನ ಅಂತಲ್ಲ. ‘ದಿ ಎಲಿಜಿಬಲ್ ಬ್ಯಾಚುಲರ್’ ಅನ್ನೋದು ಪುಟ್ಟ ಕಥೆಯನ್ನ ಸಿನಿಮಾ ಉದ್ದಕ್ಕೆ ಎಳೆದು ಹಾಳು ಮಾಡಿದ್ದು. ಅಷ್ಟೊತ್ತಿಗೆ ಬ್ರೆಟ್ ಆರೋಗ್ಯವೂ ತೀರಾ ಹದಗೆಟ್ಟಿತ್ತು, 1995ರಲ್ಲಿ ತೀರಿಕೊಂಡ್ರು.

ಇನ್ನೊಂದು ಇದೆ, 1994ರ ‘ದಿ ಗೋಲ್ಡನ್ ಪಿನ್ಸ್-ನೆ’. ಹಾರ್ಡ್‌ವಿಕ್ ಬಿಡುವಿಲ್ಲದೆ ಇದರಲ್ಲಿ ಇಲ್ಲ. ವಾಟ್ಸನ್ ಜಾಗಕ್ಕೆ ಹೋಮ್ಸ್‌ನ ಅಣ್ಣ ಮೈಕ್ರಾಫ್ಟ್‌ನ ತಂದು ಕೂರಿಸಿದ್ರು. ಚಾರ್ಲ್ಸ್ ಗ್ರೇ ಒಳ್ಳೇ ನಟನೇ, ತಕರಾರಿಲ್ಲ. ಆದರೆ ಅಣ್ಣನೂ ಮಹಾ ಬುದ್ಧಿವಂತ, ತಮ್ಮನೂ ಮಹಾ ಬುದ್ಧಿವಂತ. ಒಬ್ಬರ ಜಾಣತನ ನೋಡಿ ಇನ್ನೊಬ್ಬರಿಗೆ ಬೆರಗೇ ಆಗಲ್ಲ. ನಮಗೂ ಆಗಲ್ಲ.