ರಜೆ ಅರ್ಜಿಯನ್ನು ಸಭೆಯಲ್ಲಿ ಓದುವ ಅಧಿಕಾರ ಕೊಟ್ಟವರು ಯಾರು?

ಶಾಲಾ ಶಿಕ್ಷಕಿಯಾದ ನಾನು ವೈದ್ಯರ ಚೀಟಿ ಲಗತ್ತಿಸಿ, ಲಕೋಟೆ ಅಂಟಿಸಿ ಕೊಟ್ಟ ಅರ್ಜಿ ಅದು. ಅದನ್ನು ಇಂದು ಸಿಬ್ಬಂದಿ ಸಭೆಯಲ್ಲಿ, ಎಲ್ಲರೆದುರು, ಶಾಲೆಯ ಮುಖ್ಯಸ್ಥರು ಗಟ್ಟಿಯಾಗಿ ಓದಿದರು. ‘ತೀವ್ರ ಮಾನಸಿಕ ಬಳಲಿಕೆ’ ಎಂಬಲ್ಲಿಗೆ ಬಂದಾಗ ಓದು ನಿಲ್ಲಿಸಿ, ನನ್ನನ್ನು ಎದ್ದು ನಿಲ್ಲಲು ಹೇಳಿ, "ನೋಡಿದರೆ ಚೆನ್ನಾಗಿಯೇ ಇದ್ದೀರಲ್ಲ ಮೇಡಂ? ಬಳಲಿಕೆ ಯಾರಿಗಿಲ್ಲ, ನನಗಿಲ್ಲವೇ?" ಎಂದರು. ಹಿಂದಿನ ಸಾಲಿನಲ್ಲಿ ಒಬ್ಬರು ನಕ್ಕರು. ಮೌಲ್ಯಮಾಪನದ ದಿನಗಳಲ್ಲಿ ಇದೇ ಬಳಲಿಕೆಯಿಂದ ನನ್ನೆದುರು ಕಣ್ಣೀರು ಹಾಕಿದವರೇ ಹಾಗೆ ನಕ್ಕವರು. ಅವರ ಮೇಲೆ ನನಗೆ ಸಿಟ್ಟಿಲ್ಲ, ಇಲ್ಲ, ಸಿಟ್ಟಿದೆ. ಕುಳಿತುಕೊಳ್ಳಿ ಎಂದು ಯಾರೂ ಹೇಳದ ಕಾರಣ, ಮುಂದಿನ ವಿಷಯವಾದ ಫಲಿತಾಂಶ ವಿಶ್ಲೇಷಣೆ ಆರಂಭವಾದ ಮೇಲೂ ನಾನು ಮನೆಗೆಲಸ ಮಾಡದ ವಿದ್ಯಾರ್ಥಿಯಂತೆ ಎಲ್ಲರ ನಡುವೆ ನಿಂತೇ ಇದ್ದೆ. ಯಾರೂ ನನ್ನತ್ತ ನೋಡಲಿಲ್ಲ. ನೋಡದಿರುವುದೇ ಮರ್ಯಾದೆ ಎಂದು ಅವರು ಭಾವಿಸಿರಬೇಕು.

ಸಭೆ ಮುಗಿಯುವ ಹೊತ್ತಿಗೆ, ಬರುವ ಭಾನುವಾರ ಎಲ್ಲ ಶಿಕ್ಷಕರಿಗೂ ‘ಒತ್ತಡ ನಿರ್ವಹಣೆ’ ಕಾರ್ಯಾಗಾರವಿದೆಯೆಂದೂ, ಹಾಜರಾತಿ ಕಡ್ಡಾಯವೆಂದೂ ಪ್ರಕಟಿಸಿದರು. ಅದರ ವರದಿಯನ್ನು ಫೋಟೊ ಸಮೇತ ಸಲ್ಲಿಸುವ ಹೊಣೆ ನನಗೆ ಬಂದಿದೆ.

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಅಂಗೀಕರಿಸಿದ ರೋಗ ವರ್ಗೀಕರಣದ 11ನೇ ಆವೃತ್ತಿಯು ‘ಬರ್ನ್‌ಔಟ್’, ಅಂದರೆ ಕೆಲಸದಿಂದಾಗುವ ತೀವ್ರ ಬಳಲಿಕೆ, ಎಂಬುದನ್ನು ಕಾಯಿಲೆ ಎನ್ನುವುದಿಲ್ಲ; ಸರಿಯಾಗಿ ನಿಭಾಯಿಸದೆ ಬಿಟ್ಟ, ಕೆಲಸದ ಜಾಗದ ದೀರ್ಘಕಾಲದ ಒತ್ತಡದ ಪರಿಣಾಮ ಎನ್ನುತ್ತದೆ. ಹಾಗಿದ್ದ ಮೇಲೆ ಮೊದಲು ತಪಾಸಣೆಯಾಗಬೇಕಾದದ್ದು ನನ್ನ ಮುಖವೋ, ನಮ್ಮ ವೇಳಾಪಟ್ಟಿಯೋ? ಅದೇ ಸಂಸ್ಥೆಯ 2022ರ ಮಾರ್ಗಸೂಚಿಗಳು ನೌಕರರ ಮಾನಸಿಕ ಆರೋಗ್ಯದ ಬಗ್ಗೆ ಮೇಲಧಿಕಾರಿಗಳಿಗೇ ತರಬೇತಿ ಕೊಡಬೇಕೆಂದು ಶಿಫಾರಸು ಮಾಡುತ್ತವೆ. ಬೋಧನೆಯ ಅವಧಿಯನ್ನು ನಿಗದಿಪಡಿಸುವಾಗ ಮಕ್ಕಳ ಸಂಖ್ಯೆಯನ್ನೂ, ಪಾಠದ ತಯಾರಿಗೆ ಮತ್ತು ಮೌಲ್ಯಮಾಪನಕ್ಕೆ ಹಿಡಿಯುವ ಸಮಯವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕೆಂದು ಯುನೆಸ್ಕೊ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ಶಿಫಾರಸು 1966ರಲ್ಲೇ ಹೇಳಿತ್ತು. ನಾನು ಹುಟ್ಟುವ ಮೊದಲೇ ಬರೆದಿಟ್ಟ ಮಾತು! ಇಷ್ಟು ಕಾಲ ಜಾರಿಯಾಗದ್ದು ನನ್ನ ಒಂದು ಅರ್ಜಿಯಿಂದ ಜಾರಿಯಾಗುತ್ತದೆಯೇ? ಆಗುವುದಿಲ್ಲವೆಂದು ಗೊತ್ತು. ಸುಮ್ಮನಿದ್ದುಬಿಡೋಣ ಎಂದು ಸಂಜೆಯಿಂದ ಹತ್ತಾರು ಬಾರಿ ಅಂದುಕೊಂಡಿದ್ದೇನೆ, ಆದರೂ ಆ ನಗು ಕಿವಿಯಿಂದ ಹೋಗುತ್ತಿಲ್ಲ.

ನನಗೆ ಕಾರ್ಯಾಗಾರ ಬೇಡ, ಲಿಖಿತ ನಿಯಮ ಬೇಕು. ಬದಲಿ ತರಗತಿಗೆಂದು ಯಾರೂ ಕಿತ್ತುಕೊಳ್ಳಲಾಗದ ತಯಾರಿಯ ಅವಧಿ ವೇಳಾಪಟ್ಟಿಯಲ್ಲಿಯೇ ಇರಬೇಕು. ರಾತ್ರಿ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಕೇಳಿದ ಮಾಹಿತಿಗೆ ಬೆಳಗಿನೊಳಗೆ ಉತ್ತರಿಸದಿದ್ದರೆ ಕಾರಣ ಕೇಳುವ ಪದ್ಧತಿ ನಿಲ್ಲಬೇಕು. ಜ್ವರಕ್ಕೆ ಸಿಗುವ ರಜೆ ಮನಸ್ಸಿನ ಕಾಯಿಲೆಗೂ ಸಿಗಬೇಕು. ಆಪ್ತಸಮಾಲೋಚಕರು ಆಡಳಿತ ಮಂಡಳಿಗೆ ವರದಿ ಒಪ್ಪಿಸುವವರಾಗಿರಬಾರದು, ಹಾಗಿದ್ದರೆ ಅವರ ಬಳಿ ಬಾಯಿ ಬಿಡುವವರು ಯಾರು? ವೈದ್ಯಕೀಯ ಅರ್ಜಿಯನ್ನು ಬಹಿರಂಗವಾಗಿ ಓದುವವರ ಮೇಲೆ ಶಿಸ್ತು ಕ್ರಮವಾಗಬೇಕು. ಮಕ್ಕಳ ಮನಸ್ಸನ್ನು ನೋಯಿಸಬಾರದೆಂದು ನಮಗೆ ತರಬೇತಿ ಕೊಡುವ ಇಲಾಖೆ, ಆ ಮಕ್ಕಳೆದುರು ದಿನವಿಡೀ ನಿಲ್ಲುವವರ ಮನಸ್ಸಿನ ಬಗ್ಗೆ ನಮಗೆ ಒಂದು ಸುತ್ತೋಲೆಯನ್ನಾದರೂ ಏಕೆ ಕಳುಹಿಸಿಲ್ಲ? ನೀತಿ ರೂಪಿಸುವ ಸಮಿತಿಗಳಲ್ಲಿ ಕುಳಿತವರು ಯಾರಾದರೂ ಇದನ್ನು ಓದುತ್ತಿದ್ದರೆ, ಸಾಂತ್ವನದ ಮಾತು ಬೇಡ. ಈ ನಿಯಮಗಳಲ್ಲಿ ಯಾವುದನ್ನು, ಯಾವ ದಿನಾಂಕದೊಳಗೆ ತರುತ್ತೀರಿ ಎಂದು ಹೇಳಿ. ನನ್ನ ರಜೆ ಇನ್ನೂ ಮಂಜೂರಾಗಿಲ್ಲ.